ಹಕ್ಕಿ ನೋಡಲು ಗಡಿಯಾರವಲ್ಲ, ನೀರು ನೋಡಿ

ಪ್ರಶ್ನೆ: ಚಳಿಗಾಲದಲ್ಲಿ ಕಡಲಂಚಿನ ಹಕ್ಕಿ ಹಾದಿಯಲ್ಲಿ ನಡೆಯಲು ಹೋಗಿದ್ದೆ. ಬೆಳಕು ಹರಿಯುವ ಮೊದಲೇ ತಲುಪಿದರೂ ದೂರದಲ್ಲಿ ಬೂದು ಚುಕ್ಕಿಗಳಷ್ಟೇ ಕಂಡವು. ದೊಡ್ಡ ಬೈನಾಕ್ಯುಲರ್ ಕೊಳ್ಳಬೇಕಾ?

ಉತ್ತರ: ಬೈನಾಕ್ಯುಲರ್ ಆಮೇಲೆ. ಮೊದಲು ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ಕಾಡಿನ ಹಕ್ಕಿಗೆ ಬೆಳಗಿನ ಹೊತ್ತು ಸರಿ, ಆದರೆ ಕೆಸರಲ್ಲಿ ಮೇಯುವ ಹಕ್ಕಿಗಳು ನಡೆಯುವುದು ನೀರಿನ ಲೆಕ್ಕದಲ್ಲಿ. ನೀರು ಪೂರ್ತಿ ಇಳಿದಾಗ ಅವು ಎಲ್ಲೆಲ್ಲೋ ಹರಡಿರುತ್ತವೆ. ಉಬ್ಬರ ತುಂಬುವುದಕ್ಕೆ ಒಂದೆರಡು ಗಂಟೆ ಮುಂಚೆ ಹೋಗಿ ಸುಮ್ನೆ ಒಂದು ಕಡೆ ನಿಂತರೆ, ಏರುವ ನೀರೇ ಅವನ್ನು ದಡದ ಕಡೆ ತಳ್ಳಿಕೊಂಡು ಬರುತ್ತದೆ. ಈ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಹೋದ ವಾರದ ಲೆಕ್ಕ ಈ ವಾರಕ್ಕೆ ಬರಲ್ಲ.

ಚಳಿಗಾಲದಲ್ಲಿ ಬಣ್ಣ ನಂಬಬೇಡಿ, ಹೆಚ್ಚಿನವು ಬೂದು ಬೂದಾಗಿರುತ್ತವೆ. ನಡಿಗೆ ನೋಡಿ. ಪ್ಲವರ್ ಓಡಿ, ಗಕ್ಕನೆ ನಿಂತು ಕುಕ್ಕುತ್ತದೆ. ಸ್ಯಾಂಡರ್ಲಿಂಗ್ ಅಲೆಯ ಜೊತೆ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ. ಕರ್ಲ್ಯೂ ತನ್ನ ಬಾಗಿದ ಉದ್ದ ಕೊಕ್ಕನ್ನು ಕೆಸರಿನೊಳಕ್ಕೆ ಇಳಿಸುತ್ತದೆ.

ಬೈನಾಕ್ಯುಲರ್ ಕೊಳ್ಳಲೇಬೇಕಿದ್ದರೆ 8 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. ಜಾಸ್ತಿಯಾದಷ್ಟೂ ಕಡಲ ಗಾಳಿಗೆ ಚಿತ್ರ ನಡುಗುತ್ತದೆ.

ಫೋಟೋಗಾಗಿ ಹತ್ತಿರ ನುಗ್ಗಬೇಡಿ. 2022ರಲ್ಲಿ ಗಾಡ್‌ವಿಟ್ ಎಂಬ ಇಂಥದೇ ಕೆಸರಿನ ಹಕ್ಕಿಯ ಒಂದು ಮರಿ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 13,560 ಕಿ.ಮೀ. ಹಾರಿತ್ತು! ಇಂಥ ಪ್ರಯಾಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಡಬೇಕಾದ ಹಕ್ಕಿಯನ್ನು ಪದೇ ಪದೇ ಎಬ್ಬಿಸಿದರೆ ಅದು ತಿಂದದ್ದೆಲ್ಲ ಹಾರಾಟಕ್ಕೇ ಖರ್ಚು, ಅಲ್ವಾ? ಹಕ್ಕಿಗಳು ತಲೆ ಎತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲೇ ನಿಲ್ಲಿ. ನಾಯಿ ಜೊತೆಗಿದ್ದರೆ ಹಗ್ಗ ಬಿಚ್ಚಬೇಡಿ.