ಗಿಟಾರಿಗೆ ಎಷ್ಟು ಉಗುರು ಬೇಕು? – ಸಂಪಾದಕರ ಉತ್ತರ

ಮೈಸೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿರುವುದರಿಂದ ಪತ್ರದ ಸಾರವನ್ನಷ್ಟೇ ಕೊಡುತ್ತಿದ್ದೇನೆ. ಅವರು ಎರಡು ವರ್ಷದಿಂದ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಕಲಿಯುತ್ತಿದ್ದಾರೆ. ಬಲಗೈಗೆ ಉಗುರು ಬಿಡಿ ಎಂದು ಮೇಷ್ಟ್ರು ಹೇಳಿದರು. ಇವರು 4 ಮಿಲಿಮೀಟರ್ ಬಿಟ್ಟರು. ಈಗ ಮೀಟಿದರೆ ಕಿರ್ ಎನ್ನುತ್ತದೆ, ಬೆರಳು ತಂತಿಗೆ ಸಿಕ್ಕಿಕೊಳ್ಳುತ್ತದೆ. ನಡುಬೆರಳಿನ ಉಗುರು ಪದರ ಪದರವಾಗಿ ಏಳುತ್ತಿದೆ. ಮನೆಯಲ್ಲಿ ಅಡುಗೆ, ಪಾತ್ರೆ ಎರಡೂ ಇವರದೇ. ಇಷ್ಟುದ್ದ ಉಗುರಿಟ್ಟುಕೊಂಡು ಹಿಟ್ಟು ಕಲಸುವುದು ಅತ್ತೆಯವರಿಗೆ ಹಿಡಿಸುತ್ತಿಲ್ಲ. ಪಾರ್ಲರಿಗೆ ಹೋಗಿ ಜೆಲ್‌ನ ಕೃತಕ ಉಗುರು ಹಾಕಿಸಲೇ, ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗಲೇ, ಇಲ್ಲಾ ಉಗುರೇ ಇಲ್ಲದೆ ನುಡಿಸಲೇ ಎಂದು ಕೇಳಿದ್ದಾರೆ. ಮುಂದಿನ ತಿಂಗಳು ಗ್ರೇಡ್ ಪರೀಕ್ಷೆಯೂ ಇದೆಯಂತೆ.

ನಮಸ್ಕಾರ. ನಿಮ್ಮ ತೊಂದರೆಯಲ್ಲಿ ಮುಕ್ಕಾಲು ಪಾಲು ಆ 4 ಮಿಲಿಮೀಟರಿನದ್ದೇ. ಗಿಟಾರಿಗೆ ಅಷ್ಟು ಉಗುರು ಬೇಕಾಗಿಲ್ಲ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರಕ್ಕೂ ಬೆರಳ ತುದಿಯಿಂದಾಚೆ 1 ಮಿಲಿಮೀಟರ್, ಹೆಚ್ಚೆಂದರೆ 2. ಹೆಬ್ಬೆರಳಿಗೆ ಇನ್ನೊಂದು ಚೂರು ಜಾಸ್ತಿ ಇರಲಿ. ಕಿರುಬೆರಳು ಕ್ಲಾಸಿಕಲ್ ನುಡಿಕೆಯಲ್ಲಿ ಸಾಮಾನ್ಯವಾಗಿ ತಂತಿ ಮೀಟುವುದೇ ಇಲ್ಲ. ಅದರ ಉಗುರನ್ನು ಇಂದೇ ಕತ್ತರಿಸಿಬಿಡಿ.

ಸ್ಕೇಲ್ ಹಿಡಿದು ಅಳೆಯಬೇಡಿ. ಅಂಗೈ ನಿಮ್ಮ ಕಡೆಗಿರುವಂತೆ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ. ಬೆರಳ ತುದಿಯ ಮೇಲೆ ಉಗುರು ತೆಳ್ಳನೆಯ ಗೆರೆಯಂತೆ ಕಂಡರೆ ಸಾಕು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಗಿಟಾರಿನ ಮೇಲೇ ಇದೆ. ಮೀಟುವ ಮೊದಲು ಬೆರಳನ್ನು ತಂತಿಯ ಮೇಲೆ ಸುಮ್ನೆ ಇಡಿ. ತಂತಿ ಒಂದೇ ಸಲಕ್ಕೆ ಚರ್ಮಕ್ಕೂ ಉಗುರಿಗೂ ತಾಗಬೇಕು. ಬರೀ ಉಗುರು ತಾಗಿದರೆ ಉದ್ದ ಹೆಚ್ಚಾಗಿದೆ. ಚರ್ಮ ಮೊದಲು ತಾಗಿ, ಆಮೇಲೆ ತಂತಿ ಉಗುರಿಗೆ ಹೋಗಿ ಬಡಿದರೆ ಉದ್ದ ಸಾಲದು, ಇಲ್ಲವೇ ಕೈ ಇಟ್ಟಿರುವ ಕೋನ ಸರಿಯಿಲ್ಲ. ಉಗುರು ಉದ್ದವಾದಷ್ಟೂ ತಂತಿಯನ್ನು ದಾಟಲು ಬೆರಳನ್ನು ಎತ್ತಿ ಎಳೆಯಬೇಕಾಗುತ್ತದೆ. ವೇಗ ಸಾಯುವುದು ಅಲ್ಲೇ.

ಒಂದು ಮಾತು ಸೇರಿಸಲೇಬೇಕು. ಎಲ್ಲರ ಉಗುರೂ ಒಂದೇ ತರಹ ಇರುವುದಿಲ್ಲ. ಕೆಲವರದು ಕೊಕ್ಕಿನಂತೆ ಕೆಳಕ್ಕೆ ಬಾಗುತ್ತದೆ, ಕೆಲವರದು ತುದಿಯಲ್ಲಿ ಮೇಲಕ್ಕೇಳುತ್ತದೆ, ಕೆಲವರದು ಹಲಗೆಯಂತೆ ಚಪ್ಪಟೆ. ಕೆಳಕ್ಕೆ ಬಾಗುವ ಉಗುರು ತಂತಿಯನ್ನು ಹಿಡಿದುಕೊಳ್ಳುತ್ತದೆ, ಅದನ್ನು ಇನ್ನೂ ಗಿಡ್ಡ ಇಡಬೇಕು. ನಿಮ್ಮ ಮೇಷ್ಟ್ರಿಗೆ ಒಪ್ಪುವ ಉದ್ದ ನಿಮಗೂ ಒಪ್ಪಬೇಕೆಂದೇನಿಲ್ಲ. ಅವರ ಹತ್ತಿರ ಈ ವಿಷಯವನ್ನು ಸಂಕೋಚವಿಲ್ಲದೆ ಮಾತಾಡಿ.

ಈಗ ಆ ಕಿರ್ ಸದ್ದಿನ ವಿಚಾರ. ನನ್ನ ಮಟ್ಟಿಗೆ ಉದ್ದಕ್ಕಿಂತ ದೊಡ್ಡ ವಿಷಯ ಇದು. ಹೆಚ್ಚಿನವರು ಉಗುರು ಬೆಳೆಸುತ್ತಾರೆ, ಅಂಚನ್ನು ಮರೆತುಬಿಡುತ್ತಾರೆ. ನೈಲ್ ಕಟರ್‌ನಲ್ಲಿ ಕತ್ತರಿಸಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಗರಗಸದ ಹಾಗೆ ಕಾಣುತ್ತದೆ. ಅದೇ ಅಂಚು ತಂತಿಯನ್ನು ಕೆರೆಯುವುದು. ಕಟರ್‌ನ ಒತ್ತಡಕ್ಕೆ ಉಗುರಿನ ಪದರವೂ ಬಿರಿಯುತ್ತದೆ. ಬಲಗೈಯ ಮೀಟುವ ಬೆರಳುಗಳಿಗೆ ಕಟರ್ ಮುಟ್ಟಿಸಬೇಡಿ. ಉಜ್ಜಿಯೇ ಗಿಡ್ಡ ಮಾಡಿಕೊಳ್ಳಿ.

ಆಕಾರ ಹೇಗಿರಬೇಕು? ಬಲಗೈಯ ಹಿಂಭಾಗ ನಿಮ್ಮ ಕಡೆಗಿರಲಿ. ತಂತಿ ಸಾಮಾನ್ಯವಾಗಿ ಉಗುರಿನ ಎಡ ಬದಿಗೆ, ಅಂದರೆ ಹೆಬ್ಬೆರಳ ಕಡೆಯ ಮೂಲೆಗೆ ಮೊದಲು ತಾಗುತ್ತದೆ. ಅಲ್ಲಿಂದ ಅಂಚಿನ ಮೇಲೆ ಸರಿದು ತುದಿಯಲ್ಲಿ ಬಿಟ್ಟುಹೋಗುತ್ತದೆ. ಹಾಗಾಗಿ ಎಡಗಡೆ ತಗ್ಗಾಗಿದ್ದು ಅಂಚು ನಿಧಾನವಾಗಿ ಏರಬೇಕು, ಬಲಗಡೆ ದುಂಡಗೆ ಮುಗಿಯಬೇಕು. ತಂತಿಗೆ ಅದೊಂದು ಜಾರುಬಂಡಿ. ನಡುವೆ ಎಲ್ಲೂ ಗುಂಡಿ, ಮೂಲೆ, ಕೊಕ್ಕೆ ಇರಬಾರದು. ಅಂದಕ್ಕೆಂದು ಉಗುರನ್ನು ಬಾದಾಮಿಯ ಆಕಾರಕ್ಕೆ ಚೂಪಾಗಿಸುತ್ತಾರಲ್ಲ, ಗಿಟಾರಿಗೆ ಅದು ಒಗ್ಗುವುದಿಲ್ಲ. ತಂತಿ ಆ ಚೂಪಿನಲ್ಲೇ ನಿಂತುಬಿಡುತ್ತದೆ, ನಾದ ತೆಳ್ಳಗಾಗುತ್ತದೆ.

ಇದಕ್ಕೆ ಬೇಕಾದ ಸಾಮಾನು ತೀರಾ ಅಗ್ಗ. ಉಗುರು ಉಜ್ಜುವ ಒಂದು ಗಾಜಿನ ಫೈಲ್, ಇಲ್ಲದಿದ್ದರೆ ಮಾಮೂಲಿ ಎಮೆರಿ ಫೈಲ್. ಆಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್, ಕಾರಿಗೆ ಪೇಂಟ್ ಹೊಡೆಯುವವರು ಉಜ್ಜಲು ಬಳಸುತ್ತಾರಲ್ಲ, ಅದು. 600, 1000, 2000 ನಂಬರಿನ ಒಂದೊಂದು ಹಾಳೆ ಕೇಳಿ ತನ್ನಿ. ನಂಬರ್ ಹೆಚ್ಚಾದಂತೆ ಕಾಗದ ನುಣುಪಾಗುತ್ತದೆ. ಮೊದಲು ಫೈಲ್‌ನಿಂದ ಆಕಾರ ತನ್ನಿ. ಬಳಿಕ 600ರಿಂದ ಶುರು ಮಾಡಿ 2000ಕ್ಕೆ ಮುಗಿಸಿ. ಅಂಚಿನ ಮೇಲ್ಭಾಗವಷ್ಟೇ ಸಾಲದು, ತಂತಿ ತಾಗುವ ಒಳಭಾಗವನ್ನೂ ಉಜ್ಜಿ. ಹೆಚ್ಚಿನವರು ಬಿಟ್ಟುಬಿಡುವುದು ಅದನ್ನೇ. ಮುಗಿದ ಮೇಲೆ ನಾಲಿಗೆಯ ತುದಿಗೋ ತುಟಿಗೋ ತಾಗಿಸಿ ನೋಡಿ. ಕಣ್ಣಿಗೆ ಕಾಣದ ತರಿ ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. 1000ದ ಕಾಗದದ ಸಣ್ಣ ತುಂಡನ್ನು, ಒರಟು ಬದಿ ಮೇಲೆ ಬರುವಂತೆ ತಂತಿಯ ಮೇಲೆ ಮಡಚಿ ಇಡಿ. ಮಾಮೂಲಿಯಾಗಿ ಮೀಟುವ ಹಾಗೆಯೇ ಬೆರಳನ್ನು ಅದರ ಮೇಲೆ ಹಾಯಿಸಿ. ನಿಮ್ಮ ಕೈಯ ಕೋನಕ್ಕೆ ಬೇಕಾದ ಇಳಿಜಾರು ತಾನಾಗಿ ಬರುತ್ತದೆ. ಯಾರ ಚಿತ್ರವನ್ನೂ ನೋಡಿ ನಕಲು ಮಾಡಬೇಕಾಗಿಲ್ಲ.

ಉಗುರೇ ಇಲ್ಲದೆ ನುಡಿಸಬಹುದೇ ಎಂದು ಕೇಳಿದ್ದೀರಿ. ನುಡಿಸಬಹುದು. ಇದು ಇನ್ನೂರು ವರ್ಷದ ಜಗಳ, ದೊಡ್ಡವರೇ ಎರಡೂ ಕಡೆ ನಿಂತಿದ್ದಾರೆ. ಸ್ಪೇನಿನ ಗಿಟಾರ್ ವಾದಕ ಫೆರ್ನಾಂಡೊ ಸೋರ್ ಬೆರಳ ತುದಿಯಲ್ಲೇ ನುಡಿಸುತ್ತಿದ್ದರು. ಉಗುರಿನ ನುಡಿಕೆ ಅವರಿಗೆ ಸಹಿಸುತ್ತಿರಲಿಲ್ಲ, 1830ರಲ್ಲಿ ಬಂದ ತಮ್ಮ ಪಾಠದ ಪುಸ್ತಕದಲ್ಲಿ ಹಾಗೆಂದು ಬರೆದೂ ಇದ್ದಾರೆ. ಅದೇ ಕಾಲದ, ಅದೇ ದೇಶದ ಡಿಯೊನಿಸಿಯೊ ಅಗ್ವಾಡೊ ಉಗುರಿನಿಂದ ನುಡಿಸುತ್ತಿದ್ದರು. ಇಬ್ಬರೂ ಪ್ಯಾರಿಸ್‌ನಲ್ಲಿ ಒಡನಾಡಿದವರು. ಅಗ್ವಾಡೊ ಜೊತೆ ನುಡಿಸಲೆಂದು ಸೋರ್ ಎರಡು ಗಿಟಾರಿಗೆ ಒಂದು ಕೃತಿ ಬರೆದು ‘ಇಬ್ಬರು ಗೆಳೆಯರು’ ಎಂಬರ್ಥದ ಹೆಸರಿಟ್ಟರು. ಉಗುರಿನ ಜಗಳ ಗೆಳೆತನವನ್ನು ಕೆಡಿಸಲಿಲ್ಲ.

ಆಮೇಲೆ ಸ್ಪೇನಿನವರೇ ಆದ ಫ್ರಾನ್ಸಿಸ್ಕೊ ತಾರ್ರೆಗಾ ಬಂದರು. ನಮ್ಮ ವೀಣೆ ಶೇಷಣ್ಣನವರು ಹುಟ್ಟಿದ ವರ್ಷವೇ, 1852ರಲ್ಲೇ ಹುಟ್ಟಿದವರು. ಬಹುಕಾಲ ಉಗುರಿನಿಂದ ನುಡಿಸಿ, ಕೊನೆಯ ವರ್ಷಗಳಲ್ಲಿ ಉಗುರು ತೆಗೆದುಬಿಟ್ಟರು. ಅವರ ಶಿಷ್ಯ ಎಮಿಲಿಯೊ ಪುಜೋಲ್ ಅದೇ ದಾರಿ ಹಿಡಿದರು. ಆದರೆ ಆಂದ್ರೆಸ್ ಸೆಗೋವಿಯಾ ಉಗುರು ಮತ್ತು ಚರ್ಮ ಎರಡನ್ನೂ ಸೇರಿಸಿ ನುಡಿಸಿದರು, ದೊಡ್ಡ ಸಭಾಂಗಣಗಳಲ್ಲಿ ಗಿಟಾರನ್ನು ಒಂಟಿಯಾಗಿ ಕೇಳಿಸಿದರು. ಇಂದಿನ ಹೆಚ್ಚಿನ ಕ್ಲಾಸಿಕಲ್ ವಾದಕರು ಆ ದಾರಿಯಲ್ಲೇ ಇದ್ದಾರೆ. ತಂತಿಯೂ ಬದಲಾಯಿತು ಅನ್ನುವುದನ್ನು ನೆನಪಿಡಿ. ಸೋರ್, ತಾರ್ರೆಗಾ ನುಡಿಸಿದ್ದು ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯ ಮೇಲೆ. ನೈಲಾನ್ ಬಂದದ್ದು 1940ರ ದಶಕದಲ್ಲಿ.

ನಾದದ ವ್ಯತ್ಯಾಸಕ್ಕೆ ಕಾರಣ ಸರಳ. ಚರ್ಮ ಮೆತ್ತಗೆ, ಅಗಲ. ತಂತಿಯ ಮೇಲೆ ಹೆಚ್ಚು ಜಾಗ ಹಿಡಿಯುತ್ತದೆ, ಎತ್ತರದ ದನಿಯ ಸಣ್ಣ ಸಣ್ಣ ಕಂಪನಗಳನ್ನು ಅಲ್ಲೇ ಅಡಗಿಸಿಬಿಡುತ್ತದೆ. ಹಾಗಾಗಿ ದನಿ ದುಂಡಗೆ, ಮೃದುವಾಗಿ ಬರುತ್ತದೆ. ಉಗುರು ಗಟ್ಟಿ, ತೆಳು. ಆ ಕಂಪನಗಳನ್ನು ಉಳಿಸುತ್ತದೆ, ದನಿ ಸ್ಪಷ್ಟವಾಗಿ ದೂರಕ್ಕೆ ಹೋಗುತ್ತದೆ. ವೀಣೆಯವರಿಗೂ ಇದು ಹೊಸದಲ್ಲ. ಸ್ವಂತ ಉಗುರಿನಿಂದ ಮೀಟುವವರೂ ಇದ್ದಾರೆ, ಬೆರಳಿಗೆ ಲೋಹದ ತಂತಿಯ ಮೀಟು ಹಾಕಿಕೊಳ್ಳುವವರೂ ಇದ್ದಾರೆ. ಕೇಳಿದರೆ ಯಾವುದು ಯಾವುದೆಂದು ಕಿವಿಗೆ ಗೊತ್ತಾಗುತ್ತದೆ.

ನೀವು ಮನೆಯಲ್ಲಿ, ನಾಲ್ಕು ಜನರ ಎದುರು ನುಡಿಸುವುದಾದರೆ ಬೆರಳ ತುದಿಯ ನಾದ ಏನೂ ಕಡಿಮೆಯಲ್ಲ. ಟ್ರೆಮೊಲೊ (ಒಂದೇ ಸ್ವರವನ್ನು ಬೆರಳುಗಳಿಂದ ಬೇಗ ಬೇಗ ಮೀಟುವುದು) ಬೇಕು, ದನಿಯ ಬಣ್ಣ ಬದಲಿಸಬೇಕು ಎನ್ನುವ ಆಸೆ ಇದ್ದರೆ 1 ಮಿಲಿಮೀಟರ್ ಉಗುರು ಇಟ್ಟುಕೊಳ್ಳಿ. ಇನ್ನು ಭಾವಗೀತೆಗೋ ಸಿನಿಮಾ ಹಾಡಿಗೋ ಸ್ಟೀಲ್ ತಂತಿಯ ಗಿಟಾರಿನಲ್ಲಿ ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಬಾರಿಸುವುದು) ಮಾಡುವವರು ಉಗುರಿನ ತಲೆನೋವು ತೆಗೆದುಕೊಳ್ಳುವುದೇ ಬೇಡ. ಸ್ಟೀಲ್ ತಂತಿ ಉಗುರನ್ನು ತಿಂದುಹಾಕುತ್ತದೆ. ಪಿಕ್, ಅಂದರೆ ಮೀಟುವ ಬಿಲ್ಲೆ, ಹಿಡಿಯಿರಿ.

ಪದರ ಏಳುವುದಕ್ಕೆ ಕಾರಣ ಬಹುಮಟ್ಟಿಗೆ ನೀರು. ಉಗುರು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಪದರಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಪಾತ್ರೆ ತೊಳೆಯುವ ಸೋಪು ಇದ್ದ ಎಣ್ಣೆಯಂಶವನ್ನೂ ತೆಗೆಯುತ್ತದೆ. ಪಾತ್ರೆಗೆ, ಬಟ್ಟೆಗೆ ರಬ್ಬರ್ ಗ್ಲೌಸ್ ಹಾಕಿ. ಎರಡೂ ಕೈಗೆ ಕಷ್ಟವಾದರೆ ಬಲಗೈಗಾದರೂ ಹಾಕಿ. ರಾತ್ರಿ ಮಲಗುವಾಗ ಉಗುರಿಗೂ ಅದರ ಬುಡಕ್ಕೂ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿ. ಸ್ನಾನ ಮಾಡಿದ ತಕ್ಷಣ ಉಗುರು ಉಜ್ಜಬೇಡಿ, ಮೆತ್ತಗಾದ ಉಗುರು ಹರಿಯುತ್ತದೆ. ಡಬ್ಬದ ಮುಚ್ಚಳ ಮೀಟುವುದು, ಸ್ಟಿಕರ್ ಕೀಳುವುದು ಎಲ್ಲ ಎಡಗೈಗೆ ಬಿಡಿ. ಅವರೆಕಾಯಿ ಕಾಲದಲ್ಲಂತೂ ಎಚ್ಚರ. ನೆನೆಸಿದ ಕಾಳನ್ನು ಗಂಟೆಗಟ್ಟಲೆ ಹಿತುಕುತ್ತಾ ಕೂತರೆ ಎಂಥ ಗಟ್ಟಿ ಹೆಬ್ಬೆರಳುಗುರೂ ಉಳಿಯುವುದಿಲ್ಲ. ಹಿತಕವರೆ ಸಾರು ಬಿಡಿ ಎನ್ನುವಷ್ಟು ಕಠಿಣ ನಾನಲ್ಲ. ಎಡಗೈಯಲ್ಲಿ ಹಿತುಕಿ, ಇಲ್ಲಾ ಮನೆಯವರನ್ನೂ ಕೂರಿಸಿಕೊಳ್ಳಿ.

ಬಯೋಟಿನ್ ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ. ಆರೋಗ್ಯವಂತರಲ್ಲಿ ಅದು ಉಗುರು ಗಟ್ಟಿ ಮಾಡುತ್ತದೆ ಎನ್ನಲು ಇರುವ ಆಧಾರ ಬಹಳ ಕಡಿಮೆ. ಮೇಲಾಗಿ ಜಾಸ್ತಿ ಬಯೋಟಿನ್ ತೆಗೆದುಕೊಂಡರೆ ಥೈರಾಯ್ಡ್‌ನಂಥ ಕೆಲವು ರಕ್ತಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು. ಉಗುರಿನ ಮೇಲಿನ ಬಿಳಿ ಚುಕ್ಕೆಗೆ ಕ್ಯಾಲ್ಸಿಯಂ ಕೊರತೆ ಕಾರಣ ಎನ್ನುವ ಮಾತಿದೆ. ಸಾಮಾನ್ಯವಾಗಿ ಅದು ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು, ಅಷ್ಟೇ. ಆದರೆ ಎಲ್ಲ ಉಗುರುಗಳೂ ತೆಳ್ಳಗಾಗಿ, ನಡುವೆ ಚಮಚದ ಹಾಗೆ ತಗ್ಗಾಗಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಕಬ್ಬಿಣಾಂಶದ ಕೊರತೆ ಹಾಗೆ ಕಾಣಿಸಿಕೊಳ್ಳುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ಅದು ಅಪರೂಪವೇನಲ್ಲ. ಗಿಟಾರಿಗಿಂತ ಅದು ಮುಖ್ಯ.

ಜೆಲ್, ಅಕ್ರಿಲಿಕ್ ಉಗುರು ಹಾಕಿಸಿಕೊಂಡು ನುಡಿಸುವ ವೃತ್ತಿಪರರಿದ್ದಾರೆ. ವಾರಕ್ಕೆ ಹಲವು ಕಛೇರಿ ಕೊಡುವವರಿಗೆ ಅದು ಅನಿವಾರ್ಯವಾಗಬಹುದು. ನಿಮಗೆ ನಾನು ಬೇಡ ಎನ್ನುತ್ತೇನೆ. ಅಂಟಲು ಅನುಕೂಲವಾಗಲೆಂದು ಸ್ವಂತ ಉಗುರಿನ ಮೇಲ್ಮೈಯನ್ನು ತರಿದಿರುತ್ತಾರೆ. ತೆಗೆದಾಗ ಕೆಳಗಿನ ಉಗುರು ತೆಳ್ಳಗೆ, ಮೆತ್ತಗೆ ಇರುತ್ತದೆ. ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಆರು ತಿಂಗಳು ಬೇಕು. ಆ ಅಂಟಿನ ರಾಸಾಯನಿಕಕ್ಕೆ ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಕಲಿಕೆಯ ಹಂತದಲ್ಲಿ ಇಷ್ಟೆಲ್ಲ ಯಾಕೆ, ಅಲ್ವಾ?

ನಡುಬೆರಳಿನ ಸೀಳಿಗೆ ತಾತ್ಕಾಲಿಕ ರಿಪೇರಿ ಸಾಕು. ಟಿಶ್ಯೂ ಪೇಪರಿನ ಒಂದೇ ಪದರ ತೆಗೆದು ಸೀಳಿನ ಅಳತೆಗೆ ಹರಿದು ಇಡಿ. ಮೇಲೆ ಫೆವಿಕ್ವಿಕ್‌ನಂಥ ಅಂಟಿನ ಒಂದು ಸಣ್ಣ ಹನಿ. ಒಣಗಿದ ಮೇಲೆ ವಾಟರ್ ಪೇಪರಿನಲ್ಲಿ ನುಣ್ಣಗೆ ಉಜ್ಜಿ. ಚರ್ಮಕ್ಕೆ ತಾಗಿಸಬೇಡಿ, ಕಣ್ಣಿನಿಂದ ದೂರವಿಡಿ. ಹತ್ತಿಯನ್ನು ಮಾತ್ರ ಬಳಸಲೇಬೇಡಿ. ಹತ್ತಿಗೆ ಈ ಅಂಟು ಬಿದ್ದರೆ ಸುಡುವಷ್ಟು ಬಿಸಿಯಾಗುತ್ತದೆ. ಸೀಳು ಮಾಂಸದವರೆಗೆ ಹೋಗಿದ್ದರೆ, ನೋವು ಅಥವಾ ಊತ ಇದ್ದರೆ ಅಂಟಿನ ಸಹವಾಸ ಬೇಡ. ಉಗುರು ಪೂರ್ತಿ ಮುರಿದಾಗ ಟೇಬಲ್ ಟೆನಿಸ್ ಚೆಂಡಿನ ತುಂಡನ್ನು ಕತ್ತರಿಸಿ ಉಗುರಿನ ಕೆಳಗೆ ಅಂಟಿಸಿಕೊಳ್ಳುವುದು ಗಿಟಾರ್ ವಾದಕರ ಹಳೆಯ ಉಪಾಯ. ಚೆಂಡಿನ ಬಾಗು ಉಗುರಿನ ಬಾಗಿಗೆ ಹೊಂದುತ್ತದೆ.

ಎಡಗೈ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಉಗುರು ಇರಲೇಬಾರದು. ಬೆರಳನ್ನು ನೆಟ್ಟಗೆ ಮೇಜಿನ ಮೇಲೆ ಊರಿದರೆ ಟಕ್ ಎನ್ನಬಾರದು. ಟಕ್ ಎಂದರೆ ಕತ್ತರಿಸಿ.

ಅತ್ತೆಯವರ ಆಕ್ಷೇಪವನ್ನು ಮೂಢನಂಬಿಕೆ ಎಂದು ತಳ್ಳಬೇಡಿ. ಉದ್ದ ಉಗುರಿನ ಸಂದಿಯಲ್ಲಿ ಕೊಳೆ ಕೂರುತ್ತದೆ, ಅದು ನಿಜ. 1 ಮಿಲಿಮೀಟರಿಗೆ ಇಳಿಸಿ, ಅಡುಗೆಗೆ ಮುಂಚೆ ಮೆತ್ತನೆಯ ಬ್ರಷ್‌ನಲ್ಲಿ ಉಗುರಿನ ಒಳಗೆ ತೊಳೆಯಿರಿ. ಅವರ ಎದುರಿಗೇ ತೊಳೆಯಿರಿ. ಯಾಕೆ ಬಿಟ್ಟಿದ್ದೀರಿ ಎಂದು ಒಂದು ಸಂಜೆ ನುಡಿಸಿ ತೋರಿಸಿ, ಉಗುರಿದ್ದಾಗ ಹೇಗೆ, ಇಲ್ಲದಾಗ ಹೇಗೆ ಎಂದು. ಮಂಗಳವಾರ, ಶುಕ್ರವಾರ ಉಗುರು ಕತ್ತರಿಸಬಾರದು ಎನ್ನುವ ಮನೆಯಾದರೂ ತೊಂದರೆಯಿಲ್ಲ. ಬಲಗೈಯ ಮೀಟುವ ಉಗುರುಗಳನ್ನು ನೀವು ಕತ್ತರಿಸುವುದೇ ಇಲ್ಲವಲ್ಲ, ದಿನಕ್ಕೆರಡು ನಿಮಿಷ ಉಜ್ಜುತ್ತೀರಿ.

ಪರೀಕ್ಷೆಗೆ ಇನ್ನೂ ತಿಂಗಳಿದೆ. ಈ ವಾರವೇ ಎಲ್ಲ ಬೆರಳಿನ ಉಗುರನ್ನೂ ಗಿಡ್ಡ ಮಾಡಿ. ಮೊದಲ ಕೆಲವು ದಿನ ದನಿ ಸಣ್ಣಗಾದಂತೆ, ಕೈ ಅಪರಿಚಿತವಾದಂತೆ ಅನಿಸುತ್ತದೆ. ಹೆದರಿ ಮತ್ತೆ ಬೆಳೆಸಬೇಡಿ, ಬೆರಳಿಗೆ ಹೊಸ ಅಳತೆ ಹಿಡಿಯಲು ಸಮಯ ಕೊಡಿ. ಪರೀಕ್ಷೆಯ ಹಿಂದಿನ ದಿನ ಆಕಾರ ಬದಲಿಸಲು ಹೋಗಬೇಡಿ, 2000ದ ಕಾಗದದಲ್ಲಿ ನುಣುಪು ಮಾಡಿದರೆ ಸಾಕು. ಅದೇ ಕಾಗದದ ತುಂಡೊಂದನ್ನು ಗಿಟಾರ್ ಚೀಲದಲ್ಲಿ ಇಟ್ಟುಕೊಂಡು ಹೋಗಿ. ಅಷ್ಟರಲ್ಲಿ ನಡುಬೆರಳು ಕೈಕೊಟ್ಟರೆ ನಾಲ್ಕೂ ಬೆರಳಿನ ಉಗುರು ತೆಗೆದು ಚರ್ಮದಲ್ಲೇ ನುಡಿಸಿ. ಒಂದು ಬೆರಳು ಉಗುರಿನಲ್ಲಿ, ಇನ್ನೊಂದು ಚರ್ಮದಲ್ಲಿ ಆದರೆ ಸ್ವರಗಳು ಸಮ ಬರುವುದಿಲ್ಲ. ಆ ನಿರ್ಧಾರವನ್ನು ಪರೀಕ್ಷೆಗೆ ಹತ್ತು ದಿನ ಮುಂಚೆ ಮಾಡಿ, ಕೊನೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ.

– ಸಂಪಾದಕ