ಊರಿಂದೂರಿಗೆ ವರ್ಗವಾಗುತ್ತಾ ಹೋದರೆ ಕೊನೆಗೆ ನಮ್ಮದು ಅಂತ ಒಂದು ಊರು ಉಳಿಯುತ್ತಾ?

ನೀವು ಕೇಳಿರುವುದು ಇಷ್ಟು: ಕಡೂರು ಕಡೆಯವರು, ಹೈಸ್ಕೂಲಿಗೆ ಕನ್ನಡ ಶಿಕ್ಷಕಿಯಾಗಿ ಆಯ್ಕೆಯಾಗಿದ್ದೀರಿ, ಗ್ರಂಥಾಲಯ ವಿಜ್ಞಾನವನ್ನೂ ಓದಿಕೊಂಡಿದ್ದೀರಿ, ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಗೆ ಆರ್ಡರ್ ಬಂದಿದೆ. ಅಲ್ಲಿಗೆ ಹೋಗಬೇಕೋ ಬೇಡವೋ, ಹೀಗೆ ಊರೂರು ಸುತ್ತಿದವರಿಗೆ ಕಡೆಗೆ ಏನು ಉಳಿಯುತ್ತದೆ ಅಂತ ಕೇಳಿದ್ದೀರಿ.

ಹೋಗಿ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ.

ನಾನು ಹುಟ್ಟಿದ ಊರು ಈಗ ಇಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿಗೆ ಹೋದ ಊರುಗಳಲ್ಲಿ ಅದೂ ಒಂದು. 1979ರಲ್ಲಿ ಕಟ್ಟೆ ಕೆಲಸ ಮುಗಿಯುವ ಹೊತ್ತಿಗೆ ನಾವು ಗಂಟುಮೂಟೆ ಕಟ್ಟಿಯಾಗಿತ್ತು. ಶೆಟ್ಟಿಹಳ್ಳಿಯ ಹಳೇ ಚರ್ಚಿನ ಫೋಟೋ ನೀವು ನೋಡಿರುತ್ತೀರಿ, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮತ್ತೆ ಕಾಣುತ್ತದಲ್ಲ, ಅದೇ ನೀರು. ಹೊಸ ಊರಿನಲ್ಲಿ ನಮ್ಮನ್ನು ಬಹಳ ಕಾಲ 'ಮುಳುಗಡೆಯವರು' ಅಂತಲೇ ಗುರುತು ಹಿಡಿಯುತ್ತಿದ್ದರು. ಹಾಗಾಗಿ ಊರು ಬಿಡುವುದೆಂದರೆ ಏನು ಅಂತ ನನಗೆ ನೌಕರಿಗೆ ಮುಂಚೆಯೇ ಗೊತ್ತಿತ್ತು. ವರ್ಗಾವಣೆಯನ್ನು ನಾನು ಅದರ ಪಕ್ಕಕ್ಕೆ ಇಟ್ಟು ನೋಡುತ್ತೇನೆ. ವರ್ಗವಾಗಿ ಬಿಟ್ಟ ಊರು ಅಲ್ಲೇ ಇರುತ್ತದೆ, ಬಸ್ಸು ಹತ್ತಿದರೆ ಸಿಗುತ್ತದೆ. ನಮ್ಮಮ್ಮನಿಗೆ ಆ ಭಾಗ್ಯ ಇರಲಿಲ್ಲ.

ಸಕಲೇಶಪುರದ ಕಡೆ ಶುರು ಮಾಡಿ ಮೂಡಿಗೆರೆ, ಕಡೂರು, ಕೊಪ್ಪ, ಅರಸೀಕೆರೆ ಸುತ್ತಿ ಹಾಸನದಲ್ಲಿ ನಿವೃತ್ತಳಾದೆ. ಹೋದಲ್ಲೆಲ್ಲ ಕನ್ನಡ ಪಾಠ, ಜೊತೆಗೆ ಗ್ರಂಥಾಲಯದ ಚಾರ್ಜು. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಅದಕ್ಕಂತಲೇ ಗ್ರಂಥಪಾಲಕರು ಇರುವುದು ಅಪರೂಪ. ಸಾಮಾನ್ಯವಾಗಿ ಕನ್ನಡದವರ ಪಾಲಿಗೇ ಬರುತ್ತದೆ. ನಾನು ಇಷ್ಟಪಟ್ಟು ತೆಗೆದುಕೊಂಡೆ, ನಡುವೆ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಲಿಬ್, ಅಂದರೆ ಗ್ರಂಥಾಲಯ ವಿಜ್ಞಾನದ ಪದವಿ ಕೂಡ ಮಾಡಿಕೊಂಡೆ.

ಬಹುತೇಕ ಎಲ್ಲ ಶಾಲೆಯಲ್ಲೂ ಮೊದಲ ವಾರ ಕಂಡದ್ದು ಒಂದೇ ನೋಟ. ಸ್ಟಾಫ್ ರೂಮಿನ ಮೂಲೆಯಲ್ಲಿ ಕಬ್ಬಿಣದ ಬೀರು, ಅದಕ್ಕೆ ಬೀಗ, ಬೀಗದ ಕೈ ಯಾರ ಹತ್ತಿರ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುವುದು. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಆಡಿಟ್ ಬಂದಾಗ ಪುಸ್ತಕ ಕಡಿಮೆ ಬಿದ್ದರೆ ಚಾರ್ಜು ಇದ್ದವರೇ ದುಡ್ಡು ಕಟ್ಟಬೇಕಾಗುತ್ತದೆ ಅನ್ನುವ ಭಯ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ವರ್ಷದಲ್ಲಿ 5 ಕಳೆದರೆ ಅದನ್ನು ಸಹಜ ನಷ್ಟ ಅಂತ ಒಪ್ಪಿಕೊಳ್ಳಬಹುದು ಎಂದಿದೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ. ಅದು ಕೇಂದ್ರದ ಕಚೇರಿಗಳಿಗೆ ಬರೆದದ್ದು, ನಮ್ಮ ಶಾಲೆಗಳಿಗಲ್ಲ. ಆದರೂ ನಾನು ಅದನ್ನು ಹೆಡ್‌ಮಾಸ್ಟರಿಗೆ ತೋರಿಸುತ್ತಿದ್ದೆ. ಪುಸ್ತಕ ಕೊಡುವ ಕಡೆ ಒಂದಿಷ್ಟು ಕಳೆಯುವುದು ಲೋಕರೂಢಿ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಗ್ರಂಥಾಲಯ ವಿಜ್ಞಾನಕ್ಕೆ ಎಸ್. ಆರ್. ರಂಗನಾಥನ್ ಕೊಟ್ಟ ಐದು ಸೂತ್ರ ನೀವು ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ಅವರು ಮೊದಲು ಗಣಿತದ ಮೇಷ್ಟ್ರು, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಮಾಡಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಆ ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವ ಮೊದಲನೆಯದನ್ನೇ ಯಾಕೆ ಮೊದಲು ಇಟ್ಟರು ಅಂತ ನನಗೆ ಬೀಗ ಹಾಕಿದ ಬೀರುವಿನ ಮುಂದೆ ನಿಂತಾಗಲೇ ಅರ್ಥವಾದದ್ದು.

ಬೀರು ತೆರೆದರೆ ಊರು ಪರಿಚಯವಾಗುತ್ತದೆ. ಇದು ನಿಮಗೆ ಮುಖ್ಯವಾಗಿ ಹೇಳಬೇಕಾದ ಮಾತು. ಹೊಸ ಊರಿನಲ್ಲಿ ಜನರನ್ನು ಹೇಗೆ ಪರಿಚಯ ಮಾಡಿಕೊಳ್ಳಲಿ ಅಂತ ನೀವು ಒದ್ದಾಡಬೇಕಿಲ್ಲ, ಮಗು ಯಾವ ಪುಸ್ತಕ ಒಯ್ಯುತ್ತದೆ, ಮನೆಯಲ್ಲಿ ಅದನ್ನು ಯಾರು ಓದಿದರು ಅಂತ ಕೇಳುತ್ತಾ ಹೋದರೆ ಸಾಕು. ಕಡೂರಿನಲ್ಲಿ ಒಬ್ಬ ಹುಡುಗ ವಾರವಾರ ಬಾವಿ, ಬೋರು, ಕೆರೆಯ ವಿಷಯ ಇರುವ ಪುಸ್ತಕವನ್ನೇ ಕೇಳುತ್ತಿದ್ದ. ಓದುತ್ತಿದ್ದದ್ದು ಅವನ ಅಜ್ಜ, ಸಂಜೆ ದೀಪದ ಕೆಳಗೆ ಕೂತು. ಆ ಅಜ್ಜನಿಂದಲೇ ನನಗೆ ಆ ಊರಿನ ಮೂರು ತಲೆಮಾರಿನ ಬರ ಗೊತ್ತಾಯಿತು. ಕೊಪ್ಪದ ಕಡೆ ದಪ್ಪ ದಪ್ಪ ಕಾದಂಬರಿಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಕುವೆಂಪು ಹುಟ್ಟಿದ್ದು 1904ರಲ್ಲಿ, ಇದೇ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅದು ಅವರ ತಾಯಿಯ ತವರು ಅಂತ ಒಂದು ದಿನ ಪಾಠದ ನಡುವೆ ಹೇಳಿದೆ. ಮಾರನೆಯ ದಿನವೇ ಮಕ್ಕಳು ಅವರ ಕಾದಂಬರಿಗೆ ಪಾಳಿ ಹಚ್ಚಿದರು. ಪೂರ್ತಿ ಓದಿದವರು ಕಡಿಮೆ, ಆದರೆ ತಮ್ಮ ಕಾಡು, ತಮ್ಮ ಗದ್ದೆ ಬಂದ ಪುಟಗಳನ್ನು ಹುಡುಕಿ ಹುಡುಕಿ ಓದಿದರು. ನನಗೆ ಅಷ್ಟೇ ಬೇಕಿತ್ತು.

ಮೂಡಿಗೆರೆ ವಿಷಯಕ್ಕೆ ಬರುತ್ತೇನೆ, ನೀವು ಹೋಗುವುದು ಅಲ್ಲಿಗೇ ಅಲ್ಲವೇ. ಬಯಲುಸೀಮೆಯಿಂದ ಹೋದವರಿಗೆ ಮೊದಲ ಮಳೆಗಾಲ ಕಷ್ಟ. ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಬಟ್ಟೆ ಒಣಗುವುದಿಲ್ಲ. ಪುಸ್ತಕಗಳ ಪಾಡು ಇನ್ನೂ ಕಷ್ಟ. ಜುಲೈ ಮುಗಿಯುವುದರೊಳಗೆ ರಟ್ಟಿನ ಮೇಲೆ ಬೂಷ್ಟು ಬಂದಿರುತ್ತದೆ, ಹಾಳೆ ಅಂಟಿಕೊಳ್ಳುತ್ತದೆ. ನನ್ನ ಅನುಭವ ಹೇಳುತ್ತೇನೆ. ಬೀರುವನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಒಳಗೋಡೆಯ ಕಡೆ ಒಂದು ಗೇಣು ಬಿಟ್ಟು ಇಡಿ. ಕೆಳಗೆ ಇಟ್ಟಿಗೆ ಕೊಡಿ. ಪುಸ್ತಕ ಒತ್ತೊತ್ತಾಗಿ ತುಂಬಬೇಡಿ, ನಡುವೆ ಗಾಳಿ ಆಡಬೇಕು. ಮಳೆ ಬಿಟ್ಟ ದಿನ ಬಾಗಿಲು ಪೂರಾ ತೆರೆದಿಡಿ. ಬೂಷ್ಟು ಬಂದ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆ ಒಳಕ್ಕೆ ಇಳಿಯುತ್ತದೆ. ನೆರಳಲ್ಲಿ ಬಿಡಿಸಿಟ್ಟು ಒಣಗಿಸಿ, ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ನಿಂತು ಒಣ ಬ್ರಷ್ಷಿನಲ್ಲಿ ಉದುರಿಸಿ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಒಳ್ಳೆಯ ಉಪಾಯ ಮಳೆಗಾಲದಲ್ಲಿ ಪುಸ್ತಕಗಳನ್ನು ಮಕ್ಕಳ ಮನೆಗೆ ಕಳಿಸಿಬಿಡುವುದು. ಮಲೆನಾಡಿನ ಮನೆಯಲ್ಲಿ ಒಲೆಯ ಬಿಸಿ ಇರುತ್ತದೆ, ದಿನಕ್ಕೊಮ್ಮೆಯಾದರೂ ಯಾರಾದರೂ ಪುಟ ತಿರುವುತ್ತಾರೆ. ಬೀಗದೊಳಗೆ ಬೂಷ್ಟು ಹಿಡಿಯುವುದಕ್ಕಿಂತ ಅದು ಎಷ್ಟೋ ಮೇಲು.

ಇನ್ನೊಂದು, ಅಲ್ಲಿ ನಿಮಗಿಂತ ಹೆಚ್ಚು ಊರು ಬದಲಿಸಿದ ಮಕ್ಕಳು ನಿಮ್ಮ ಮುಂದೆ ಕೂತಿರುತ್ತಾರೆ. ನವೆಂಬರಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ನಿಮ್ಮ ಬಯಲುಸೀಮೆ ಕಡೆಯಿಂದ, ಈಗೀಗ ಅಸ್ಸಾಂನಿಂದಲೂ ಕುಟುಂಬಗಳು ಬಂದು ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಇರುತ್ತವೆ. ಮಕ್ಕಳು ವರ್ಷದ ನಡುವೆ ಶಾಲೆಗೆ ಬರುತ್ತಾರೆ, ಕುಯ್ಲು ಮುಗಿದ ದಿನ ಹೇಳದೆ ಹೊರಟು ಹೋಗುತ್ತಾರೆ. ಟಿ.ಸಿ. ಇಲ್ಲ ಅಂತ ಯಾರಾದರೂ ಸೇರಿಸಿಕೊಳ್ಳದಿದ್ದರೆ ಬಿಡಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗಿದೆ, ಎಂಟನೇ ಕ್ಲಾಸಿನವರೆಗೆ ವರ್ಗಾವಣೆ ಪತ್ರ ತಡವಾಯಿತು ಅನ್ನುವ ಕಾರಣಕ್ಕೆ ದಾಖಲಾತಿ ನಿರಾಕರಿಸುವ ಹಾಗಿಲ್ಲ, ತಡ ಮಾಡುವ ಹಾಗೂ ಇಲ್ಲ. ಈ ಮಕ್ಕಳಿಗೆ ಪುಸ್ತಕ ಕೊಡಬೇಡಿ, ವಾಪಸು ಬರುವುದಿಲ್ಲ ಅಂತ ನನಗೆ ಬುದ್ಧಿ ಹೇಳಿದವರು ಇದ್ದರು. ನಾನು ಕೊಟ್ಟೆ. ಕೆಲವು ಲಾರಿ ಹತ್ತಿ ಹೋದವು, ಅವಕ್ಕೆ ನನ್ನ ಕೈಯಿಂದ ದುಡ್ಡು ಹಾಕಿ ಬೇರೆ ಪ್ರತಿ ತರಿಸಿದೆ. ಎಂಟನೇ ಕ್ಲಾಸಿನ ಒಬ್ಬಳ ಅಪ್ಪ ಮುಂದಿನ ಕುಯ್ಲಿಗೆ ಬಂದಾಗ ಹಾಳೆ ಬಿಟ್ಟುಹೋದ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದು ಕೊಟ್ಟರು. ವರ್ಷವಿಡೀ ಎಲ್ಲೆಲ್ಲಿ ತಿರುಗಿ ಬಂದಿತ್ತೋ ಅದು. ಅವಳಿಗೆ ಇನ್ನೊಂದು ಕೊಟ್ಟು ಕಳಿಸಿದೆ.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ಈ ಅಲೆದಾಟದ ಭಾರ ಹೆಚ್ಚು ಬಿದ್ದದ್ದು ನನ್ನ ಮನೆಯವರ ಮೇಲೆ. ಯಜಮಾನರ ಕೆಲಸ ಹಾಸನದಲ್ಲಿ, ನಾನು ಮಗಳನ್ನು ಕಟ್ಟಿಕೊಂಡು ಬಾಡಿಗೆ ಕೋಣೆಗಳಲ್ಲಿ. ಅವಳಿಗೆ ಪ್ರಾಥಮಿಕ ಶಾಲೆಯ ಗೆಳತಿ ಅಂತ ಒಬ್ಬಳೂ ಉಳಿದಿಲ್ಲ. ಈ ಮಾತನ್ನು ಅವಳು ದೊಡ್ಡವಳಾದ ಮೇಲೆ ಹೇಳಿದಳು, ನನಗೆ ಉತ್ತರ ಕೊಡಲಾಗಲಿಲ್ಲ. 2007ರ ಶಿಕ್ಷಕರ ವರ್ಗಾವಣೆ ಕಾಯ್ದೆ ಬಂದು ಕೌನ್ಸೆಲಿಂಗ್ ಶುರುವಾದ ಮೇಲೆ ಯಾವ ಊರಲ್ಲಿ ಹುದ್ದೆ ಖಾಲಿ ಇದೆ ಅಂತ ನೋಡಿ ಆರಿಸಿಕೊಳ್ಳುವಷ್ಟು ಅನುಕೂಲವಾಯಿತು, ಗಂಡ ಹೆಂಡತಿ ಒಂದೇ ಕಡೆ ಇರಲು ಅವಕಾಶವೂ ಬಂತು. ನಿಮ್ಮ ಕಾಲ ನಮ್ಮ ಕಾಲಕ್ಕಿಂತ ವಾಸಿ.

ಊರು ಉಳಿಯುತ್ತದಾ ಅಂದಿರಿ. ಬಿಟ್ಟು ಬಂದ ಊರಿನಲ್ಲಿ ನಾವು ಶುರು ಮಾಡಿದ್ದನ್ನು ಬೇರೆಯವರು ನಡೆಸುತ್ತಿದ್ದರೆ ಆ ಊರು ನಮ್ಮದಾಗಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಮೊದಲಿನ ಒಂದು ಶಾಲೆಯಲ್ಲಿ ನಾನು ರಿಲೀವ್ ಆದ ತಿಂಗಳೊಳಗೆ ಬೀರುವಿಗೆ ಮತ್ತೆ ಬೀಗ ಬಿತ್ತು. ಎಲ್ಲವೂ ಒಬ್ಬ ಟೀಚರ್ ಮೇಲೆ ನಿಂತಿದ್ದರೆ ಹಾಗೇ ಆಗುವುದು. ಆಮೇಲೆ ಹೋದ ಕಡೆಯೆಲ್ಲ ಎಂಟನೇ ಕ್ಲಾಸಿನ ಮಕ್ಕಳಿಗೇ ಕೆಲಸ ಕಲಿಸಿದೆ. ಹತ್ತನೆಯವರಿಗೆ ಕಲಿಸಿದರೆ ಮಾರ್ಚಿಗೆ ಹೊರಟುಬಿಡುತ್ತಾರೆ, ಎಂಟನೆಯವರು ಇನ್ನೂ ಎರಡು ವರ್ಷ ಇರುತ್ತಾರೆ, ಹೋಗುವಾಗ ಕೆಳಗಿನವರಿಗೆ ಕಲಿಸುತ್ತಾರೆ. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814 ಅಂತ ರಿಜಿಸ್ಟರಿನಲ್ಲಿ ಬರೆದಿಡಿ, ಮಕ್ಕಳಿಗೆ ಅದು ಬೇಡ. ಕಥೆಗೆ ಕೆಂಪು ಪಟ್ಟಿ, ವಿಜ್ಞಾನಕ್ಕೆ ಹಸಿರು, ಜೀವನಚರಿತ್ರೆಗೆ ಹಳದಿ, ಬೆನ್ನಿಗೆ ಅಂಟಿಸಿದರೆ ಆಯಿತು. ಬಂದ ಪುಸ್ತಕಕ್ಕೆಲ್ಲ ನಂಬರು ಕೊಟ್ಟು ಬರೆದಿಡುವ ಅಕ್ಸೆಷನ್ ರಿಜಿಸ್ಟರ್ ಮಾತ್ರ ನೀವೇ ಇಡಿ, ಒಂದು ಪುಸ್ತಕಕ್ಕೆ ಕೊಟ್ಟ ನಂಬರನ್ನು ಅದು ಕಳೆದುಹೋದರೂ ಇನ್ನೊಂದಕ್ಕೆ ಕೊಡಬೇಡಿ. ಮುಂದೆ ಬರುವವರು ಅದನ್ನು ನಂಬಿ ಚಾರ್ಜು ತೆಗೆದುಕೊಳ್ಳುತ್ತಾರೆ, ಅದು ಸರಿಯಿದ್ದರೆ ಬೀಗ ಹಾಕುವ ಮನಸ್ಸು ಅವರಿಗೆ ಬರುವುದಿಲ್ಲ. ಕೊಪ್ಪದ ಆ ಶಾಲೆಯಲ್ಲಿ ಈಗಲೂ ಶನಿವಾರ ಪುಸ್ತಕ ಕೊಡುತ್ತಾರಂತೆ. ಕೊಡಿಸುವ ಮೇಷ್ಟ್ರನ್ನು ನಾನು ನೋಡಿಯೇ ಇಲ್ಲ. ನನಗೆ ಅದು ಸಾಕು, ಕೊಪ್ಪ ನನ್ನೂರು.

ಹೊರಡುವ ಮುಂಚೆ ಕೆಲವು ಮಾತು. ಜೂನ್ ಒಳಗೇ ಹೋಗಿ ಮನೆ ನೋಡಿ, ಸೋರುವ ಮನೆ ಮೇ ತಿಂಗಳ ಮೊದಲ ಮಳೆಯಲ್ಲೇ ಗೊತ್ತಾಗುತ್ತದೆ. ಮುಂದೆ ಯಾವ ಶಾಲೆಯಿಂದ ರಿಲೀವ್ ಆದರೂ ಎಲ್‌ಪಿಸಿ (ಕೊನೆಯ ಸಂಬಳದ ಪ್ರಮಾಣಪತ್ರ) ಕೈಗೆ ಬಂದಿದೆಯೇ, ಸರ್ವಿಸ್ ರಿಜಿಸ್ಟರಿನಲ್ಲಿ ರಜೆ, ಇಂಕ್ರಿಮೆಂಟು ಎಲ್ಲ ಏರಿದೆಯೇ ನೋಡಿಕೊಂಡೇ ಹೊರಡಿ, ಇಲ್ಲದಿದ್ದರೆ ಸಂಬಳ ನಿಂತು ಓಡಾಡಬೇಕಾಗುತ್ತದೆ. ನಿಮ್ಮ ಸ್ವಂತ ಪುಸ್ತಕಗಳನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ ಕಟ್ಟಿ, ದೊಡ್ಡದಾದರೆ ಎತ್ತುವವರ ಬೆನ್ನು ಹೋಗುತ್ತದೆ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಮೊದಲ ವಾರವೇ ಹೋಗಿ ಮೇಲ್ವಿಚಾರಕರನ್ನು ಮಾತಾಡಿಸಿ. 2019ರಲ್ಲಿ ಅವು ಪಂಚಾಯತ್ ರಾಜ್ ಇಲಾಖೆಗೆ ಹೋದ ಮೇಲೆ ಮಕ್ಕಳ ಕಡೆ ಗಮನ ಹೆಚ್ಚಾಗಿದೆ. ಶಾಲೆಯ ಬೀರುವಿನಲ್ಲಿ ಇಲ್ಲದ್ದು ಅಲ್ಲಿ ಇರಬಹುದು.

ಜಾಯಿನ್ ಆದ ಮೇಲೆ ಬೀರು ತೆಗೆಸಿ, ಒಳಗೆ ಏನೇನಿದೆ ಅಂತ ಪಟ್ಟಿ ಮಾಡಿ ಇಲ್ಲಿ ಹಾಕಿ. ಯಾವುದನ್ನು ಯಾವ ಕ್ಲಾಸಿಗೆ ಕೊಡಬಹುದು ಅಂತ ನೋಡಿ ಹೇಳುತ್ತೇನೆ.