ಆರಂಭಿಕರ ಟೆಲಿಸ್ಕೋಪಿಗೆ ಗಟ್ಟಿಯಾದ ಮೌಂಟ್ ಆರಿಸುವುದು ಹೇಗೆ?

ಫೋಕಸ್ ಗುಂಡಿ ಮುಟ್ಟಿದರೆ ಸಾಕು, ಟೆಲಿಸ್ಕೋಪಿನಲ್ಲಿ ಗುರುಗ್ರಹ ಕುಣಿಯುತ್ತದೆಯೇ? ತಪ್ಪು ಲೆನ್ಸಿನದಲ್ಲ, ಸ್ಟ್ಯಾಂಡಿನದು, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಮತ್ತು ಅದರ ಟ್ರೈಪಾಡಿನದು. 100 ಪಟ್ಟು ಹಿಗ್ಗಿಸಿ ನೋಡುವಾಗ ನಡುಕವೂ ಅಷ್ಟೇ ಹಿಗ್ಗುತ್ತದೆ, ಅಲ್ವಾ?

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಲೆನ್ಸ್) ನೋಡುತ್ತಾ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಒಂದೆರಡು ಸೆಕೆಂಡಿನಲ್ಲಿ ಚಿತ್ರ ನಿಂತರೆ ಪರವಾಗಿಲ್ಲ. ನಾಲ್ಕೈದು ಸೆಕೆಂಡು ಅಲ್ಲಾಡುತ್ತಲೇ ಇದ್ದರೆ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಒಳಕ್ಕೆ ತಳ್ಳಿ, ಸ್ಕ್ರೂಗಳನ್ನು ಬಿಗಿ ಮಾಡಿ, ನಡುವೆ ನೀರು ತುಂಬಿದ ಕ್ಯಾನ್ ತೂಗುಹಾಕಿ, ಕುರ್ಚಿಯಲ್ಲಿ ಕೂತು ನೋಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹೋಗಲಿಲ್ಲವೇ? ಹಾಗಾದರೆ ಹೊಸ ಮೌಂಟ್. ಐಪೀಸ್, ಫೈಂಡರ್ (ಗುರಿ ಹಿಡಿಯಲು ಮೇಲೆ ಕೂರಿಸುವ ಪುಟ್ಟ ಸಾಧನ) ಎಲ್ಲ ಸೇರಿಸಿ ಟೆಲಿಸ್ಕೋಪಿನ ತೂಕ ನೋಡಿ. 3 ಕೆ.ಜಿ. ಬಂದರೆ 5-6 ಕೆ.ಜಿ. ಹೊರುವ ಮೌಂಟ್ ಇರಲಿ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಕೊಳವೆ ಉದ್ದವಿದ್ದರೆ ಇನ್ನೂ ಗಟ್ಟಿಯದು ಬೇಕು, ತೂಕ ಅಷ್ಟೇ ಇದ್ದರೂ ಗಾಳಿಗೆ ಜಾಸ್ತಿ ಅಲ್ಲಾಡುತ್ತದೆ. ಮೌಂಟಿನ ಬೆಲೆ ಟೆಲಿಸ್ಕೋಪಿಗಿಂತ ಹೆಚ್ಚಾದರೂ ಗಾಬರಿಯಾಗಬೇಡಿ, ಅದು ಮಾಮೂಲು.

ಫೋಟೋ ಬೇಡ, ನೋಡುವುದಷ್ಟೇ ಅಂದರೆ ಆಲ್ಟ್-ಅಜಿಮತ್ ಸಾಕು: ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ, ಅಷ್ಟೇ. ಭೂಮಿ ತಿರುಗುವುದರಿಂದ ಗ್ರಹ ಜಾರುತ್ತಲೇ ಇರುತ್ತದೆ, ಹಾಗಾಗಿ ನಿಧಾನವಾಗಿ ತಿರುಗಿಸುವ ಗುಂಡಿಗಳಿರುವುದನ್ನೇ ಆರಿಸಿ. ಅಗ್ಗದ ಇಕ್ವಟೋರಿಯಲ್ ಮೌಂಟ್ (ಭೂಮಿಯ ಅಕ್ಷಕ್ಕೆ ಸರಿಯಾಗಿ ಓರೆ ಮಾಡಿ ಹೊಂದಿಸಬೇಕಾದದ್ದು) ಸುಮ್ನೆ ತಲೆನೋವು.

ಇನ್ನೊಂದು ವಿಷಯ, ಡವ್‌ಟೇಲ್ ಪಟ್ಟಿ, ಅಂದರೆ ಕೊಳವೆಯನ್ನು ಮೌಂಟಿಗೆ ಕೂರಿಸುವ ಲೋಹದ ಪಟ್ಟಿ. ಕೆಲವು ಅಗ್ಗದ ಟೆಲಿಸ್ಕೋಪುಗಳಿಗೆ ಅದೇ ಇರುವುದಿಲ್ಲ, ಎರಡು ಬದಿಯ ಸ್ಕ್ರೂಗಳ ಮೇಲೆ ಕೂತಿರುತ್ತವೆ. ಕೊಳವೆಯ ಹೊರಗಿನ ವ್ಯಾಸ ಅಳೆದು, ಅದನ್ನು ಸುತ್ತಿ ಹಿಡಿಯುವ, ಅಳತೆಗೆ ಹೊಂದುವ ಒಂದು ಜೊತೆ ರಿಂಗ್ ಮತ್ತು ಪಟ್ಟಿಯನ್ನೂ ಕೊಳ್ಳಿ.